ಬಟ್ಟೆಯ ನಾರು: ಖರೀದಿಗೆ ಹಾಗೂ ಅರ್ಜಿಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಶಾಲೆಗಳು, ಸಂಘ-ಸಂಸ್ಥೆಗಳು ಮತ್ತು ಗ್ರಾಮ ಪಂಚಾಯತಿಗಳು ಸಮವಸ್ತ್ರ, ಜಮಖಾನ, ರಾಷ್ಟ್ರಧ್ವಜ ಮೊದಲಾದವುಗಳನ್ನು ಖರೀದಿಸುವಾಗಲೂ, ನೇಕಾರರು ತಮ್ಮ ಉತ್ಪನ್ನಕ್ಕೆ ಕೈಮಗ್ಗ ಗುರುತು ಅಥವಾ ರೇಷ್ಮೆ ಗುರುತನ್ನು ಕೋರಿ ಅರ್ಜಿ ಸಲ್ಲಿಸುವಾಗಲೂ ಮೊದಲು ಎದುರಾಗುವ ಪ್ರಶ್ನೆ ಒಂದೇ ಆಗಿರುತ್ತದೆ: ಈ ಬಟ್ಟೆಯು ಯಾವ ನಾರಿನಿಂದ ತಯಾರಾಗಿದೆ? ಬಣ್ಣ, ಅಂಚು ಮತ್ತು ಬೆಲೆಯನ್ನು ಯಾರಾದರೂ ನೋಡಿ ತಿಳಿಯಬಹುದು. ನಾರು ಹಾಗೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಬಟ್ಟೆಯ ಬಾಳಿಕೆ, ಅದನ್ನು ಬೆಳೆದ ಅಥವಾ ತಯಾರಿಸಿದ ಸ್ಥಳದ ನೆಲ-ಜಲದ ಮೇಲಾಗುವ ಪರಿಣಾಮ ಮತ್ತು ಹಳತಾದ ಮೇಲೆ ಅದರ ಗತಿ ಬಹುಮಟ್ಟಿಗೆ ನಾರನ್ನೇ ಅವಲಂಬಿಸಿರುತ್ತವೆ.

ಹುಬ್ಬಳ್ಳಿ-ಧಾರವಾಡ ಪ್ರದೇಶದ ನಾಗರಿಕರಿಗೆ ಈ ವಿಷಯ ಹೊಸದಲ್ಲ. ಹತ್ತಿಯ ಹೊಲ, ಹತ್ತಿಯ ಪೇಟೆ, ಖಾದಿ ಕೇಂದ್ರ, ಕೈಮಗ್ಗ ಮತ್ತು ಕೃತಕ ನಾರಿನ ಕಾರ್ಖಾನೆ ಇವೆಲ್ಲವೂ ಇಲ್ಲಿಂದ ಒಂದು ದಿನದ ಪ್ರಯಾಣದೊಳಗೆ ಇವೆ. ಆದುದರಿಂದ ಈ ಮಾಹಿತಿಯನ್ನು ಇಲ್ಲಿನ ಉದಾಹರಣೆಗಳ ಮೂಲಕವೇ ನೀಡಲಾಗಿದೆ.

ಧಾರವಾಡದ ಹತ್ತಿ

ಅಣ್ಣಿಗೇರಿ, ನವಲಗುಂದ, ಕುಂದಗೋಳ ಮತ್ತು ಹುಬ್ಬಳ್ಳಿ ಭಾಗದ ಎರೆಭೂಮಿಯು ಹಿಂದಿನಿಂದಲೂ ಹತ್ತಿಗೆ ಹೆಸರಾಗಿದೆ. ಇಲ್ಲಿ ಪರಂಪರೆಯಿಂದ ಬೆಳೆಯುತ್ತಿದ್ದುದು ಜವಾರಿ ಹತ್ತಿ. 19ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಅರಳೆ ಬೇಕಾದ ಕಾರಣ ಅಂದಿನ ಸರ್ಕಾರವು ಅಮೆರಿಕದ ಹತ್ತಿಯನ್ನು ಈ ಭಾಗದಲ್ಲಿ ಪ್ರಯೋಗಿಸಿತು. ಅದು ಇಲ್ಲಿ ನೆಲೆಯೂರಿ, ಮುಂಬಯಿ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದಲೇ ಮಾರಾಟವಾಗತೊಡಗಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಏಕಾಏಕಿ ಏರಿತು. ಬೆಲೆಯ ಜೊತೆಗೆ ಕಲಬೆರಕೆಯೂ ಏರಿತು. ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಸಲುವಾಗಿಯೇ ಒಂದು ಕಾಯಿದೆಯನ್ನು ಜಾರಿಗೆ ತಂದಿತು. ನಾರಿನ ಗುರುತು ಮತ್ತು ಶುದ್ಧತೆಯ ಪ್ರಶ್ನೆ ಈ ಭಾಗದಲ್ಲಿ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಸ್ವಾತಂತ್ರ್ಯಾನಂತರ ಧಾರವಾಡದ ಕೃಷಿ ಸಂಶೋಧನಾ ಕೇಂದ್ರವು ಹತ್ತಿಯ ತಳಿ ಅಭಿವೃದ್ಧಿಯಲ್ಲಿ ದೇಶಕ್ಕೇ ಮಾದರಿಯಾಯಿತು. ‘ಜಯಧರ’ ಎಂಬ ಜವಾರಿ ತಳಿಯು ಇಲ್ಲಿಯದೇ. 1972ರಲ್ಲಿ ಡಾ. ಬಿ.ಎಚ್. ಕಟರಕಿಯವರು ಎರಡು ಬೇರೆ ಬೇರೆ ಪ್ರಭೇದಗಳನ್ನು ಸಂಕರಿಸಿ ‘ವರಲಕ್ಷ್ಮಿ’ ತಳಿಯನ್ನು ರೂಪಿಸಿದರು. ವಾಣಿಜ್ಯ ಬೇಸಾಯಕ್ಕೆ ಬಂದ ಅಂತಹ ಸಂಕರಣ ಹತ್ತಿಗಳಲ್ಲಿ ಇದು ಜಗತ್ತಿನಲ್ಲಿಯೇ ಮೊದಲನೆಯದು. ಅನಂತರ ಬಂದ ಡಿಸಿಎಚ್-32, ಅಂದರೆ ‘ಜಯಲಕ್ಷ್ಮಿ’, ನುಣುಪಾದ ಉದ್ದ ಎಳೆಗೆ ಪ್ರಸಿದ್ಧವಾಯಿತು. 1986ರಲ್ಲಿ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಈ ಕೆಲಸವು ಅಲ್ಲಿ ಮುಂದುವರಿದಿದ್ದು, ಬಣ್ಣ ಹಾಕದೆಯೇ ಕಂದು ಬಣ್ಣದ ಅರಳೆ ಕೊಡುವ ತಳಿಗಳ ಬಗೆಗೂ ಅಲ್ಲಿ ಸಂಶೋಧನೆ ನಡೆದಿದೆ.

ಜವಾರಿ ಹತ್ತಿಯ ಗುಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಜಯಧರವನ್ನು ಮುಂಗಾರಿನ ಕೊನೆಯ ಭಾಗದಲ್ಲಿ ಬಿತ್ತುತ್ತಾರೆ. ಮಳೆ ನಿಂತ ಮೇಲೆ ಎರೆಮಣ್ಣಿನಲ್ಲಿ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿ ಅದು ಬೆಳೆಯುತ್ತದೆ. ಆಳಕ್ಕೆ ಇಳಿಯುವ ತಾಯಿಬೇರು ಇರುವುದರಿಂದ ಬರವನ್ನು ತಾಳಿಕೊಳ್ಳುತ್ತದೆ. ರಸ ಹೀರುವ ಕೀಟಗಳ ಬಾಧೆಯೂ ಕಡಿಮೆ. ರೈತನು ತನ್ನ ಬೆಳೆಯಿಂದಲೇ ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದು. ಇದರ ದೋಷವೆಂದರೆ ಇಳುವರಿ ಕಡಿಮೆ ಮತ್ತು ಎಳೆ ಗಿಡ್ಡ ಹಾಗೂ ಒರಟು. ಅತಿ ವೇಗದಲ್ಲಿ ತಿರುಗುವ ಇಂದಿನ ಗಿರಣಿಯ ಯಂತ್ರಗಳಿಗೆ ಉದ್ದ ಎಳೆ ಬೇಕು; ಪೇಟೆಯ ದರವೂ ಎಳೆಯ ಉದ್ದದ ಮೇಲೆಯೇ ನಿಗದಿಯಾಗುತ್ತದೆ. ಇದರಿಂದಾಗಿ ಜವಾರಿ ಹತ್ತಿಯು ಗಾದಿ, ಔಷಧಾಲಯದ ಅರಳೆ ಮತ್ತು ದಪ್ಪ ನೂಲಿನ ಬಟ್ಟೆಗಳಿಗೆ ಸೀಮಿತವಾಗುತ್ತಾ ಬಂದಿತು.

2002ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಬಿಟಿ ಹತ್ತಿಗೆ ಅನುಮತಿ ನೀಡಿದ ಮೇಲೆ ಚಿತ್ರವು ಪೂರ್ಣವಾಗಿ ಬದಲಾಯಿತು. ಕಾಯಿಕೊರಕ ಹುಳುವಿನ ಬಾಧೆ ಆರಂಭದ ವರ್ಷಗಳಲ್ಲಿ ಗಣನೀಯವಾಗಿ ತಗ್ಗಿದ್ದು ನಿಜ. ಆದರೆ ಇವು ಸಂಕರಣ ಬೀಜಗಳಾದ ಕಾರಣ ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ರಸ ಹೀರುವ ಕೀಟಗಳಿಗೆ ಸಿಂಪರಣೆ ತಪ್ಪಲಿಲ್ಲ. ಕಾಲಕ್ರಮದಲ್ಲಿ ಗುಲಾಬಿ ಕಾಯಿಕೊರಕವು ಬಿಟಿ ಹತ್ತಿಗೂ ಜಗ್ಗದಂತಾಯಿತು. ಹತ್ತಿ ಎಂದ ಮಾತ್ರಕ್ಕೆ ಅದು ಪರಿಸರಕ್ಕೆ ನಿರಪಾಯಕಾರಿ ಎಂದು ತಿಳಿಯಬಾರದೆಂಬುದಕ್ಕೆ ಇದನ್ನು ಹೇಳಲಾಗಿದೆ. ಯಾವ ತಳಿ, ಎಷ್ಟು ಸಿಂಪರಣೆ, ಯಾವ ನೀರು ಎಂಬುದೂ ಮುಖ್ಯ.

ನೀರಿನ ವಿಷಯದಲ್ಲಿ ಒಂದು ಸ್ಪಷ್ಟನೆ ನೀಡಬೇಕಾಗಿದೆ. 1 ಕಿಲೋ ಹತ್ತಿ ಬಟ್ಟೆಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ತಗಲುತ್ತದೆಂಬ ಅಂದಾಜು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಈ ಲೆಕ್ಕದಲ್ಲಿ ಹೊಲಕ್ಕೆ ಬಿದ್ದ ಮಳೆಯ ನೀರೂ ಸೇರಿದೆ. ನದಿಯನ್ನು ಬತ್ತಿಸಿ ಹಾಯಿಸಿದ ನೀರಿಗೂ ನವಲಗುಂದದ ಎರೆಹೊಲದಲ್ಲಿ ತಾನಾಗಿ ಇಂಗಿದ ಮಳೆನೀರಿಗೂ ಬಹಳ ವ್ಯತ್ಯಾಸವಿದೆ. ಮಧ್ಯ ಏಷ್ಯಾದ ಅರಲ್ ಸಮುದ್ರವು ಹತ್ತಿಯ ನೀರಾವರಿಗಾಗಿ ನದಿಗಳನ್ನು ತಿರುಗಿಸಿದ್ದರಿಂದ ಬತ್ತಿಹೋಯಿತು. ಮಳೆಯಾಶ್ರಿತ ಜವಾರಿ ಹತ್ತಿಗೆ ಆ ದೋಷವನ್ನು ಆರೋಪಿಸಲಾಗದು.

ಬೆಂಗೇರಿಯ ರಾಷ್ಟ್ರಧ್ವಜ

ಒಂದು ಬಟ್ಟೆಯ ನಾರು ಬದಲಾದರೆ ಏನೇನು ಬದಲಾಗುತ್ತದೆ ಎಂಬುದನ್ನು ತಿಳಿಯಲು ಹುಬ್ಬಳ್ಳಿಯ ನಾಗರಿಕರು ದೂರ ಹೋಗಬೇಕಾಗಿಲ್ಲ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರ ನವೆಂಬರ್ 1ರಂದು ಸ್ಥಾಪನೆಯಾಯಿತು. ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು ಖಾದಿ ರಾಷ್ಟ್ರಧ್ವಜವನ್ನು ತಯಾರಿಸುವ ಕೇಂದ್ರವೆಂದು ಅದು ದೇಶಾದ್ಯಂತ ಹೆಸರಾಗಿದೆ. ಧಾರವಾಡ ತಾಲೂಕಿನ ಗರಗ ಮತ್ತು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಗ್ರಾಮಗಳು ಧ್ವಜದ ಖಾದಿ ಬಟ್ಟೆಯ ನೇಯ್ಗೆಗೆ ಪ್ರಸಿದ್ಧವಾಗಿವೆ.

ಧ್ವಜದ ಬಟ್ಟೆಯ ತಯಾರಿಕೆಯ ಕ್ರಮವು ಹೀಗಿರುತ್ತದೆ. ಅರಳೆಯನ್ನು ಶುದ್ಧಗೊಳಿಸಿ ಹಂಜಿಯಾಗಿ ಮಾಡುವ ಕೆಲಸವು ಖಾದಿ ಆಯೋಗದ ಘಟಕಗಳಲ್ಲಿ ನಡೆಯುತ್ತದೆ. ಕರ್ನಾಟಕದಲ್ಲಿ ಅಂತಹ ಘಟಕವು ಚಿತ್ರದುರ್ಗದಲ್ಲಿದೆ. ಹಂಜಿಯನ್ನು ಗ್ರಾಮಗಳ ಕೇಂದ್ರಗಳಲ್ಲಿ ಅಂಬರ ಚರಕದ ಮೇಲೆ ನೂಲಾಗಿಸಿ ಲಡಿ ಕಟ್ಟುತ್ತಾರೆ. ಲಡಿಯು ಕೈಮಗ್ಗಕ್ಕೆ ಹೋಗಿ ಬಟ್ಟೆಯಾಗುತ್ತದೆ. ಬಟ್ಟೆಯನ್ನು ತೊಳೆದು, ಬಿಳುಪುಗೊಳಿಸಿ, ಕೇಸರಿ ಮತ್ತು ಹಸಿರು ಬಣ್ಣ ಹಾಕಿ, ಬಿಳಿಯ ಪಟ್ಟಿಯ ಎರಡೂ ಬದಿಯಲ್ಲಿ 24 ಅರಗಳ ಚಕ್ರವನ್ನು ಒಂದಕ್ಕೊಂದು ಸರಿಹೊಂದುವಂತೆ ಮುದ್ರಿಸಿ, ಹೊಲಿದು, ಹಗ್ಗ ಮತ್ತು ಮರದ ಗುಬುಟುಗಳನ್ನು ಜೋಡಿಸುತ್ತಾರೆ. 150 × 100 ಮಿ.ಮೀ. ಅಳತೆಯಿಂದ 6300 × 4200 ಮಿ.ಮೀ.ವರೆಗೆ ಒಟ್ಟು 9 ಅಳತೆಗಳಿದ್ದು, ಎಲ್ಲದರಲ್ಲಿಯೂ ಉದ್ದ ಮತ್ತು ಅಗಲದ ಪ್ರಮಾಣವು 3:2 ಇರತಕ್ಕದ್ದು. ಮಾನಕವು ಎಳೆಗಳ ಸಂಖ್ಯೆ, ಬಟ್ಟೆಯ ತೂಕ, ಜಗ್ಗಿದಾಗ ತಡೆಯುವ ಶಕ್ತಿ, ಬಿಸಿಲು-ನೀರಿಗೆ ಬಣ್ಣ ನಿಲ್ಲುವ ಗುಣ ಇವೆಲ್ಲವನ್ನೂ ನಿಗದಿಪಡಿಸಿದೆ. ಪರೀಕ್ಷೆಯಲ್ಲಿ ಒಂದು ಅಂಶ ತಪ್ಪಿದರೂ ಧ್ವಜವನ್ನು ಹಿಂದಿರುಗಿಸಲಾಗುತ್ತದೆ.

ಈ ಕೆಲಸದಲ್ಲಿ ತೊಡಗಿರುವವರಲ್ಲಿ ಬಹುಪಾಲು ಮಹಿಳೆಯರು. ನೂಲುವವರಿಗೆ ಕೂಲಿಯು ಲಡಿಯ ಲೆಕ್ಕದಲ್ಲಿ ದೊರೆಯುತ್ತದೆ. 1 ಲಡಿ ಎಂದರೆ 1000 ಮೀಟರ್ ನೂಲು. ಖಾದಿ ಧ್ವಜದ ಬೆಲೆಯಲ್ಲಿ ಹತ್ತಿಯ ಪಾಲು ಚಿಕ್ಕದು. ಹೆಚ್ಚಿನ ಭಾಗವು ಈ ಕೈಗಳ ಕೂಲಿಯೇ ಆಗಿರುತ್ತದೆ. ಬೆಲೆ ಹೆಚ್ಚಾಯಿತೆಂದು ಹೇಳುವಾಗ ಈ ಅಂಶವನ್ನು ಗಮನದಲ್ಲಿಡುವುದು ಸೂಕ್ತ. (ಧ್ವಜದ ಖಾದಿಯು ನಮ್ಮ ಹೊಲದ ಜವಾರಿ ಹತ್ತಿಯಿಂದಲೇ ಆದದ್ದೆಂದು ಭಾವಿಸಬೇಕಾಗಿಲ್ಲ. ಹಂಜಿಯಲ್ಲಿ ಪೇಟೆಯ ಹತ್ತಿಯೇ ಇರುತ್ತದೆ.)

2021ರ ತಿದ್ದುಪಡಿ

2002ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವು ಕೈಯಿಂದ ನೂತು ಕೈಯಿಂದ ನೇಯ್ದ ಉಣ್ಣೆ, ಹತ್ತಿ ಅಥವಾ ರೇಷ್ಮೆ ಖಾದಿಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ಆದೇಶದ ಮೂಲಕ ಕೇಂದ್ರ ಸರ್ಕಾರವು ಇದಕ್ಕೆ ತಿದ್ದುಪಡಿ ತಂದು, ಯಂತ್ರದಿಂದ ತಯಾರಿಸಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ನೀಡಿತು. 2022ರ ಆಗಸ್ಟ್ ತಿಂಗಳಲ್ಲಿ ನಡೆದ ‘ಹರ್ ಘರ್ ತಿರಂಗಾ’ ಅಭಿಯಾನಕ್ಕೆ ಅಲ್ಪಾವಧಿಯಲ್ಲಿ ಅಪಾರ ಸಂಖ್ಯೆಯ ಧ್ವಜಗಳು ಬೇಕಾಗಿದ್ದವು. ಅಷ್ಟು ಸಂಖ್ಯೆಯನ್ನು ಚರಕ ಮತ್ತು ಕೈಮಗ್ಗದಿಂದ ಒದಗಿಸಲು ಸಾಧ್ಯವಿರಲಿಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ. ಅದೇ ವರ್ಷ ಬೆಂಗೇರಿಯ ಸಂಘವು ತಿದ್ದುಪಡಿಯನ್ನು ಹಿಂಪಡೆಯುವಂತೆ ಪ್ರತಿಭಟನೆ ನಡೆಸಿತು. ಖಾದಿಯ ಬೇಡಿಕೆ ತಗ್ಗಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಗ್ರಾಮಗಳಲ್ಲಿ ನೂಲುವ ಮತ್ತು ನೇಯುವ ಮಹಿಳೆಯರು ಎಂಬುದು ಅವರ ಕಳವಳವಾಗಿತ್ತು.

ಆದುದರಿಂದ ಪಾಲಿಯೆಸ್ಟರ್ ಧ್ವಜವನ್ನು ಹಾರಿಸುವುದು ಈಗ ಕಾನೂನಿಗೆ ವಿರುದ್ಧವಲ್ಲ. 2022ರ ಜುಲೈ ತಿಂಗಳ ಮತ್ತೊಂದು ತಿದ್ದುಪಡಿಯ ಪ್ರಕಾರ ನಾಗರಿಕರು ತಮ್ಮ ಮನೆಯ ಮೇಲೆ ಹಗಲಿನಂತೆ ರಾತ್ರಿಯೂ ಧ್ವಜವನ್ನು ಹಾರಿಸಬಹುದು. ಸಂಹಿತೆಗೆ ಅನುಗುಣವಾದ ಧ್ವಜವು ಖಾದಿಯದಾಗಲಿ, ಪಾಲಿಯೆಸ್ಟರಿನದಾಗಲಿ, ಅದಕ್ಕೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇರುವುದಾಗಿ ಅದೇ ತಿಂಗಳು ಸ್ಪಷ್ಟಪಡಿಸಲಾಗಿದೆ. ಕಾನೂನು ಎರಡಕ್ಕೂ ಅವಕಾಶ ಕೊಟ್ಟಿರುವಾಗ ಆಯ್ಕೆಯು ಕೊಳ್ಳುವವರದೇ ಆಗುತ್ತದೆ. ಆಯ್ಕೆ ಮಾಡುವವರು ಈ ಕೆಳಗಿನ ಸಂಗತಿಯನ್ನು ತಿಳಿದಿರಬೇಕು.

ಧ್ವಜವು ಹರಿದಾಗ ಅಥವಾ ಮಾಸಿದಾಗ ಅದನ್ನು ಖಾಸಗಿಯಾಗಿ, ಸಂಪೂರ್ಣವಾಗಿ ನಾಶಪಡಿಸಬೇಕೆಂದು ಸಂಹಿತೆಯು ವಿಧಿಸಿದೆ. ಸುಡುವುದು ಅಥವಾ ಧ್ವಜದ ಗೌರವಕ್ಕೆ ಕುಂದು ಬಾರದ ಬೇರೆ ವಿಧಾನ ಇದಕ್ಕೆ ಯೋಗ್ಯವೆಂದು ಅದರಲ್ಲಿ ಹೇಳಿದೆ. ಈ ನಿಯಮವು ಖಾದಿಯೊಂದೇ ಇದ್ದ ಕಾಲದ್ದು. ಹತ್ತಿಯ ಬಟ್ಟೆಯನ್ನು ಸುಟ್ಟರೆ ಅದು ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ಬೂದಿಯು ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಹಾಗೆ ಉರಿಯುವುದಿಲ್ಲ. ಅದು ಸುಮಾರು 260 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿ, ಕಪ್ಪು ಹೊಗೆ ಬಿಟ್ಟು, ಹನಿಹನಿಯಾಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿಯಾದ ಕರಿಯ ಉಂಡೆಗಳಾಗಿ ಉಳಿಯುತ್ತದೆ. ಸಂಹಿತೆಯು ನಿರೀಕ್ಷಿಸಿರುವ ಗೌರವಪೂರ್ಣ ವಿಲೇವಾರಿಯು ಈ ನಾರಿನಲ್ಲಿ ಕಷ್ಟಸಾಧ್ಯ. ಮಣ್ಣಿನಲ್ಲಿ ಹೂಳಿದರೂ ಅದು ಬಹುಕಾಲ ಕೊಳೆಯದು. ಒಂದು ದಿನದ ಉತ್ಸವಕ್ಕೆ ಕೊಂಡ ಅಗ್ಗದ ಧ್ವಜವು ಆ ಮನೆಯವರ ಆಯುಸ್ಸಿಗಿಂತ ಹೆಚ್ಚು ಕಾಲ ಉಳಿಯುವುದು ಸಾಧ್ಯ.

ಖಾದಿ ಧ್ವಜವನ್ನು ಬಯಸುವ ಶಾಲೆಗಳು ಮತ್ತು ಕಚೇರಿಗಳು ಆಗಸ್ಟ್ 15 ಅಥವಾ ಜನವರಿ 26ರ ಹಿಂದಿನ ವಾರದಲ್ಲಿ ವಿಚಾರಿಸಿದರೆ ಬೇಕಾದ ಅಳತೆಯು ದೊರೆಯದೇ ಇರಬಹುದು. ನೂಲಿನಿಂದ ಧ್ವಜವಾಗುವವರೆಗಿನ ಕೆಲಸಕ್ಕೆ ತಿಂಗಳುಗಳೇ ಬೇಕಾಗುವುದರಿಂದ ಬೇಡಿಕೆಯನ್ನು ಮುಂಚಿತವಾಗಿ ಸಲ್ಲಿಸುವುದು ಒಳಿತು. ಒಳ್ಳೆಯ ಖಾದಿ ಧ್ವಜವನ್ನು ಮಳೆಯಲ್ಲಿ ನೆನೆಯಲು ಬಿಡದೆ, ಮಡಿಚಿ ಒಣಗಿದ ಸ್ಥಳದಲ್ಲಿ ಇಟ್ಟರೆ ಹಲವು ವರ್ಷ ಬಾಳಿಕೆ ಬರುತ್ತದೆ.

ಪಾಲಿಯೆಸ್ಟರ್ ಎಂದರೇನು

ಪಾಲಿಯೆಸ್ಟರ್ ನಾರನ್ನು ಕಚ್ಚಾ ತೈಲದಿಂದ ದೊರೆಯುವ ರಾಸಾಯನಿಕಗಳಿಂದ ತಯಾರಿಸುತ್ತಾರೆ. ಕುಡಿಯುವ ನೀರಿನ ಬಾಟಲಿಯೂ ಇದೇ ವಸ್ತುವಿನದು. ಇದಕ್ಕೆ ಹೊಲ ಬೇಡ, ಮಳೆ ಬೇಡ. ತಯಾರಿಕೆಗೆ ನೀರು ಕಡಿಮೆ ಸಾಕು. ಸುಕ್ಕು ಬೀಳದು, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಮಳೆಯಂಗಿ, ಚೀಲ, ಹಗ್ಗ, ಡೇರೆ ಇತ್ಯಾದಿಗಳಿಗೆ ಇದು ನಿಜಕ್ಕೂ ಯೋಗ್ಯವಾದುದು. ಬಡ ಕುಟುಂಬಗಳಿಗೆ ಕೈಗೆಟುಕುವ ಬಟ್ಟೆಯನ್ನು ಒದಗಿಸಿದ್ದೂ ಇದೇ ನಾರು. ಆದರೆ ಬೆವರನ್ನು ಹೀರದ ಕಾರಣ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಮಕ್ಕಳ ಸಮವಸ್ತ್ರಕ್ಕೆ ಹಿತಕರವಲ್ಲ. ಪ್ರತಿ ಬಾರಿ ಒಗೆದಾಗಲೂ ಕಣ್ಣಿಗೆ ಕಾಣದ ಸೂಕ್ಷ್ಮ ತುಣುಕುಗಳು ಉದುರಿ ಚರಂಡಿಯ ಮೂಲಕ ಹಳ್ಳ, ಕೆರೆಗಳನ್ನು ಸೇರುತ್ತವೆ. ಬಾಟಲಿಯನ್ನು ಮರುಬಳಕೆ ಮಾಡಿ ನೂಲಾಗಿಸುವ ವಿಧಾನ ಬಂದಿದೆ. ಆದರೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಹಳೆಯ ಬಟ್ಟೆಯನ್ನು ಮತ್ತೆ ಬೇರ್ಪಡಿಸಿ ನೂಲಾಗಿಸುವುದು ಇಂದಿಗೂ ಕಷ್ಟದ ಮತ್ತು ದುಬಾರಿ ಕೆಲಸವಾಗಿದೆ. ಇಂದು ಪೇಟೆಯಲ್ಲಿ ‘ಟೆರಿಕಾಟ್’ ಎಂದು ಮಾರಾಟವಾಗುವ ಬಟ್ಟೆಯು ಈ ಬೆರಕೆಯದೇ ಎಂಬುದನ್ನು ಗಮನಿಸುವುದು.

ರೇಯಾನ್ ಮತ್ತು ಕುಸನೂರಿನ ಗೋಮಾಳ

ರೇಯಾನ್ ಅಥವಾ ವಿಸ್ಕೋಸ್ ನಾರಿನ ಬಗ್ಗೆ ಸಾರ್ವಜನಿಕರಲ್ಲಿ ಹೆಚ್ಚಿನ ತಪ್ಪು ತಿಳಿವಳಿಕೆ ಇದೆ. ಪೇಟೆಯಲ್ಲಿ ಇದನ್ನು ‘ಆರ್ಟ್ ಸಿಲ್ಕ್’ ಎಂದೂ ಕರೆಯುತ್ತಾರೆ. ಇದು ರೇಷ್ಮೆಯಲ್ಲ, ಕೃತಕ ರೇಷ್ಮೆ ಎಂಬುದರ ಸಂಕ್ಷಿಪ್ತ ರೂಪ. ಇಳಕಲ್ ಸೀರೆಗಳಲ್ಲಿಯೂ ಕಳೆದ ಶತಮಾನದಿಂದ ಹತ್ತಿಯ ಜೊತೆಗೆ ಈ ನೂಲಿನ ಬಳಕೆ ಇದೆ. ಆದುದರಿಂದ ಇಳಕಲ್ ಸೀರೆಯನ್ನು ಕೊಳ್ಳುವಾಗ ಅದು ಹತ್ತಿಯದೇ, ರೇಷ್ಮೆಯದೇ ಅಥವಾ ಕೃತಕ ರೇಷ್ಮೆಯದೇ ಎಂದು ಕೇಳಿ ತಿಳಿದುಕೊಳ್ಳತಕ್ಕದ್ದು. ಮೂರೂ ಇಳಕಲ್‌ನ ಮಗ್ಗದಲ್ಲಿಯೇ ನೇಯ್ದವು ಆಗಿರಬಹುದು; ಬೆಲೆ ಮಾತ್ರ ಒಂದೇ ಆಗಿರಬಾರದು.

ರೇಯಾನ್ ಮೂಲತಃ ಮರದ ನಾರು. ನೀಲಗಿರಿಯಂತಹ ಮರವನ್ನು ಬೇಯಿಸಿ ತಿರುಳು ತೆಗೆದು, ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಹೊರತೆಗೆಯುತ್ತಾರೆ. ಇದು ಮರದಿಂದ ಬಂದ ಕಾರಣ ಮಣ್ಣಿನಲ್ಲಿ ಕೊಳೆಯುತ್ತದೆ. ಆ ದೃಷ್ಟಿಯಿಂದ ಪಾಲಿಯೆಸ್ಟರಿಗಿಂತ ಮೇಲು. ಆದರೆ ಮರ ಎಲ್ಲಿಂದ ಬಂತು, ಕರಗಿಸಿದ ನೀರು ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ. ಇವೆರಡಕ್ಕೂ ಉತ್ತರ ಹುಡುಕುವ ಪ್ರಯತ್ನವು ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿಯೇ ನಡೆದಿದೆ.

ಹರಿಹರದ ಬಳಿ, ತುಂಗಭದ್ರಾ ನದಿಯ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ತಿರುಳು ಮತ್ತು ರೇಯಾನ್ ನಾರಿನ ಕಾರ್ಖಾನೆಗಳು ಪ್ರಾರಂಭವಾದವು. ಕಾರ್ಖಾನೆಯ ಕೆಳಭಾಗದಲ್ಲಿ ನದಿಯ ನೀರು ಕೆಟ್ಟು ಮೀನು ಸಾಯುತ್ತಿವೆಯೆಂಬ ದೂರುಗಳೊಂದಿಗೆ 1980ರ ದಶಕದಲ್ಲಿ ನದಿದಡದ ಗ್ರಾಮಸ್ಥರು ಸಂಘಟಿತರಾದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಅವರ ಜೊತೆಗಿತ್ತು. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಕಾರ್ಖಾನೆಯ ಜಂಟಿ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯು ರಚನೆಯಾಗಿ, ತಿರುಳಿಗೆ ಬೇಕಾದ ನೀಲಗಿರಿಯನ್ನು ಬೆಳೆಯಲು ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಗೊತ್ತುಪಡಿಸಲಾಯಿತು. ದಾಖಲೆಯಲ್ಲಿ ಅದು ಸರ್ಕಾರಿ ಭೂಮಿ. ಗ್ರಾಮಸ್ಥರಿಗೆ ಅದು ದನ ಮೇಯುವ, ಕಟ್ಟಿಗೆ ಆಯುವ, ಹುಲ್ಲು ಕೊಯ್ಯುವ ನೆಲ. ನೀಲಗಿರಿಯ ಎಲೆಯನ್ನು ದನ ತಿನ್ನುವುದಿಲ್ಲ.

1986ರಲ್ಲಿ ಸಮುದಾಯವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು, ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರು ಗ್ರಾಮದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಈ ಸತ್ಯಾಗ್ರಹವು ‘ಕಿತ್ತಿಕೋ-ಹಚ್ಚಿಕೋ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಕೆಲವೇ ವರ್ಷಗಳಲ್ಲಿ ಸರ್ಕಾರವು ಸದರಿ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅಂಗಡಿಯಲ್ಲಿ ಮಡಿಚಿಟ್ಟ ನುಣುಪಾದ ಬಟ್ಟೆಗೂ ಯಾವುದೋ ಊರಿನ ಗೋಮಾಳಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಇತ್ತೀಚೆಗೆ ಕರಗಿಸುವ ದ್ರಾವಣವನ್ನು ಹೊರಗೆ ಬಿಡದೆ ಮರಳಿ ಮರಳಿ ಬಳಸುವ ‘ಲಯೋಸೆಲ್’ ವಿಧಾನವು ಬಳಕೆಗೆ ಬಂದಿದೆ. ನೀರಿನ ಪ್ರಶ್ನೆಗೆ ಅದು ಒಂದು ಮಟ್ಟಿಗೆ ಉತ್ತರವಾದರೂ ಮರದ ಪ್ರಶ್ನೆಗೆ ಉತ್ತರವಲ್ಲ.

ಉಣ್ಣೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಉತ್ತರ ಕರ್ನಾಟಕದ ಕುರಿಗಳ ಉಣ್ಣೆ ಒರಟಾಗಿದ್ದು ಕಂಬಳಿಗೆ ಮಾತ್ರ ಸೂಕ್ತವಾಗಿದೆ. ಕಂಬಳಿಗೆ ಬಣ್ಣವೂ ಬೇಡ. ಕುರಿಯ ಕರಿಯ ಬಣ್ಣವೇ ಅದರ ಬಣ್ಣ.

ನಾರನ್ನು ಗುರುತಿಸುವ ಬಗೆ

ಮೊದಲು ಬಟ್ಟೆಯ ಅಂಚಿನ ಮೇಲೆ ಅಥವಾ ಚೀಟಿಯಲ್ಲಿ ಮುದ್ರಿಸಿದ ಬರಹವನ್ನು ಓದುವುದು. ಬರಹವು ಇಲ್ಲದಿದ್ದಲ್ಲಿ ಅಥವಾ ಸಂಶಯ ಬಂದಲ್ಲಿ, ಬಟ್ಟೆಯ ಒಳ ಅಂಚಿನಿಂದ ಹಾಸಿನ ಕೆಲವು ಎಳೆಗಳನ್ನೂ ಹೊಕ್ಕಿನ ಕೆಲವು ಎಳೆಗಳನ್ನೂ ಬೇರೆ ಬೇರೆಯಾಗಿ ಬಿಡಿಸಿ, ಲೋಹದ ತಟ್ಟೆಯ ಮೇಲೆ ಚಿಮಟದಿಂದ ಹಿಡಿದು ಸುಟ್ಟು ನೋಡಬಹುದು. ಹಾಸು ಹತ್ತಿಯದಾಗಿದ್ದು ಹೊಕ್ಕು ಬೇರೆಯದಾಗಿರುವ ಸಂಭವ ಇರುವುದರಿಂದ ಎರಡನ್ನೂ ಪರೀಕ್ಷಿಸತಕ್ಕದ್ದು. ಹತ್ತಿರದಲ್ಲಿ ನೀರು ಇಟ್ಟುಕೊಳ್ಳಬೇಕು. ಮಕ್ಕಳ ಕೈಗೆ ಕೊಡಬಾರದು.

ಹತ್ತಿ ಮತ್ತು ರೇಯಾನ್ ಎರಡೂ ಕಾಗದ ಸುಟ್ಟ ವಾಸನೆಯೊಂದಿಗೆ ಬೇಗ ಉರಿದು ಮೆತ್ತನೆಯ ಬೂದಿ ಬಿಡುತ್ತವೆ. ಇವೆರಡನ್ನು ಬೇರ್ಪಡಿಸಲು ಎಳೆಯನ್ನು ಒದ್ದೆ ಮಾಡಿ ಜಗ್ಗಬೇಕು. ರೇಯಾನ್ ಒದ್ದೆಯಾದಾಗ ದುರ್ಬಲವಾಗಿ ಸುಲಭವಾಗಿ ಹರಿಯುತ್ತದೆ, ಹತ್ತಿಯು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ನಿಧಾನವಾಗಿ ಉರಿದು ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿಯ ಮಣಿಯು ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರಿನ ಮಣಿಯು ಪುಡಿಯಾಗುವುದಿಲ್ಲ. ಬೂದಿಯ ನಡುವೆ ಗಟ್ಟಿ ಹರಳು ಸಿಕ್ಕಲ್ಲಿ ಅದು ಬೆರಕೆಯ ಬಟ್ಟೆ. ರಾಷ್ಟ್ರಧ್ವಜದಿಂದ ಎಳೆಯನ್ನು ಬಿಡಿಸಿ ಈ ಪರೀಕ್ಷೆಯನ್ನು ಮಾಡಕೂಡದು.

ಗುರುತುಗಳು ಮತ್ತು ಅರ್ಜಿ

1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಾಯಿದೆಯ ಪ್ರಕಾರ, ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದ ಬಟ್ಟೆಯೇ ಖಾದಿ. ಗಿರಣಿಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದದ್ದು ಕೈಮಗ್ಗದ ಬಟ್ಟೆಯಾಗುತ್ತದೆಯೇ ಹೊರತು ಖಾದಿಯಾಗುವುದಿಲ್ಲ. ಖಾದಿ ಭಂಡಾರಗಳಲ್ಲಿ ‘ಪಾಲಿವಸ್ತ್ರ’ ಎಂಬ ಹೆಸರಿನ ಬಟ್ಟೆಯೂ ದೊರೆಯುತ್ತಿದ್ದು, ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಭಂಡಾರದಲ್ಲಿ ಕೊಂಡದ್ದೆಲ್ಲವೂ ಅಪ್ಪಟ ಹತ್ತಿಯೆಂದು ಭಾವಿಸಬಾರದು.

ಖಾದಿ ಗುರುತನ್ನು 2013ರ ನಿಯಮಾವಳಿಯಡಿ ಖಾದಿ ಆಯೋಗವು ನೀಡುತ್ತದೆ. ಈ ಗುರುತಿಲ್ಲದೆ ಬಟ್ಟೆಯನ್ನು ಖಾದಿಯೆಂದು ಮಾರುವಂತಿಲ್ಲ. 2006ರಲ್ಲಿ ಜಾರಿಗೆ ಬಂದ ಕೈಮಗ್ಗ ಗುರುತಿಗೆ ಬಿಡಿ ನೇಕಾರರು, ಮಾಲೀಕ ನೇಕಾರರು ಮತ್ತು ನೇಕಾರರ ಸಹಕಾರ ಸಂಘಗಳು ಜವಳಿ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಬಂದ ಮೇಲೆ ಮಗ್ಗವನ್ನು ಸ್ಥಳದಲ್ಲಿಯೇ ಪರಿಶೀಲಿಸಲಾಗುವುದರಿಂದ ವಿದ್ಯುತ್ ಮಗ್ಗದ ಬಟ್ಟೆಗೆ ಈ ಗುರುತು ದೊರೆಯದು. ಈ ಗುರುತು ಮಗ್ಗದ ಬಗ್ಗೆ ಹೇಳುತ್ತದೆ, ನಾರಿನ ಬಗ್ಗೆ ಅಲ್ಲ ಎಂಬುದನ್ನು ಕೊಳ್ಳುವವರು ನೆನಪಿಡತಕ್ಕದ್ದು. ಅಪ್ಪಟ ರೇಷ್ಮೆಗೆ 2004ರಿಂದ ರೇಷ್ಮೆ ಗುರುತು ಪ್ರತ್ಯೇಕವಾಗಿದ್ದು, ಅದನ್ನು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಂಸ್ಥೆಯು ನೀಡುತ್ತದೆ. ಇದಲ್ಲದೆ 1985ರ ಕೈಮಗ್ಗ ಮೀಸಲಾತಿ ಕಾಯಿದೆಯಡಿ ಕೆಲವು ಬಗೆಯ ಸೀರೆ, ಧೋತಿ, ಜಮಖಾನ ಮೊದಲಾದವುಗಳನ್ನು ಕೈಮಗ್ಗಕ್ಕೇ ಮೀಸಲಿಡಲಾಗಿದೆ. ಭೌಗೋಳಿಕ ಸೂಚಿಕೆ ಪಡೆದಿರುವ ನವಲಗುಂದದ ಜಮಖಾನವನ್ನು ಮಹಿಳೆಯರು ಹತ್ತಿಯ ನೂಲಿನಿಂದ ಕೈಮಗ್ಗದಲ್ಲಿ ನೇಯುತ್ತಾರೆ. ಸಭಾಭವನಗಳಿಗೆ ಜಮಖಾನ ಕೊಳ್ಳುವ ಸಂಸ್ಥೆಗಳು ಇದನ್ನು ಪರಿಶೀಲಿಸಬಹುದು.

ಹಳೆಯ ಬಟ್ಟೆ

ಹಳೆಯ ಹತ್ತಿ ಸೀರೆ ಮತ್ತು ಧೋತರಗಳನ್ನು ಒಂದರ ಮೇಲೊಂದು ಹಾಸಿ, ಕೈಹೊಲಿಗೆಯಿಂದ ಕೌದಿ ಮಾಡುವ ಪದ್ಧತಿ ಈ ಭಾಗದ ಎಲ್ಲ ಮನೆಗಳಲ್ಲಿಯೂ ಇತ್ತು. ಕೌದಿಯು ಹರಿದ ಮೇಲೆ ಒರೆಸುವ ಬಟ್ಟೆಯಾಗಿ, ಕೊನೆಗೆ ತಿಪ್ಪೆ ಸೇರಿ ಗೊಬ್ಬರದೊಂದಿಗೆ ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಪಾಲಿಯೆಸ್ಟರ್ ಸೀರೆಯಿಂದಲೂ ಕೌದಿ ಹೊಲಿಯುತ್ತಾರೆ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ, ತಿಪ್ಪೆಯಲ್ಲಿ ಕೊಳೆಯುವುದೂ ಇಲ್ಲ. ಕೃತಕ ನಾರಿನ ಹಳೆಯ ಬಟ್ಟೆಗಳನ್ನು ತಿಪ್ಪೆಗೆ ಹಾಕದೆ, ಬಯಲಿನಲ್ಲಿ ಸುಡದೆ, ಒಣಕಸದೊಂದಿಗೆ ಪ್ರತ್ಯೇಕವಾಗಿ ನೀಡತಕ್ಕದ್ದು. ಧರಿಸಲು ಯೋಗ್ಯವಾದವುಗಳನ್ನು ಒಗೆದು ಬೇರೆಯವರಿಗೆ ಕೊಡುವುದು ಉತ್ತಮ.

ಕೈಮಗ್ಗ ಗುರುತು ಹಾಗೂ ನೇಕಾರರ ಸೌಲಭ್ಯಗಳ ಬಗ್ಗೆ ಹೆಚ್ಚಿನ ವಿವರಗಳಿಗೆ ಧಾರವಾಡ ಜಿಲ್ಲಾ ಪಂಚಾಯತಿಯ ಕೈಮಗ್ಗ ಮತ್ತು ಜವಳಿ ಶಾಖೆಯನ್ನೂ, ಖಾದಿ ಗುರುತಿನ ಬಗ್ಗೆ ಹುಬ್ಬಳ್ಳಿಯಲ್ಲಿರುವ ಖಾದಿ ಆಯೋಗದ ಕಚೇರಿಯನ್ನೂ ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಅರ್ಜಿಯೊಂದಿಗೆ ಬಟ್ಟೆಯ ಮಾದರಿಯನ್ನು ತರುವವರು ಹಾಸು ಮತ್ತು ಹೊಕ್ಕಿನ ನೂಲನ್ನು ಎಲ್ಲಿಂದ ಕೊಂಡರೆಂಬ ರಸೀದಿಯನ್ನೂ ಜೊತೆಗೆ ತಂದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.